ನಲವತ್ತೊಂದನೆಯ ದೃಶ್ಯ

ಅಪ್ಪನಿಗೆ,

ನನ್ನ ಮೊದಲ ಚಿತ್ರಕಥೆಯ ನೂರಿಪ್ಪತ್ತು ಪುಟ ವಾಪಸ್ ಬಂದು ತಲುಪಿದೆ. ಕಾಗುಣಿತ ನೋಡಿಕೊಡಿ ಎಂದಷ್ಟೇ ಕೇಳಿದ್ದೆ. ಮೇಷ್ಟರ ಕೈ ಸುಮ್ಮನಿರುತ್ತದೆಯೇ? ಕೆಂಪು ಪೆನ್ನಿನಲ್ಲಿ ನೂರಕ್ಕೆ ಮೂವತ್ತೆರಡು ಕೊಟ್ಟಿದ್ದೀರಿ. ನಿವೃತ್ತಿಯಾಗಿ ಆರು ವರ್ಷವಾದರೂ ಮಗಳನ್ನು ಫೇಲು ಮಾಡುವ ಚಪಲ ಹೋಗಲಿಲ್ಲ.

ಅಂಕ ಹಾಳಾಗಿ ಹೋಗಲಿ. ನಲವತ್ತೊಂದನೆಯ ದೃಶ್ಯಕ್ಕೆ ಅಡ್ಡಗೆರೆ ಎಳೆದು "ಇದು ನಡೆದೇ ಇಲ್ಲ" ಎಂದು ಬರೆಯಲು ಮನಸ್ಸಾದರೂ ಹೇಗೆ ಬಂತು? ಕಥೆ ಬರೆದಿದ್ದ ನನ್ನ ನೋಟ್‌ಬುಕ್ಕನ್ನು ಊಟಕ್ಕೆ ಕೂತಲ್ಲೇ ಹರಿದು ಹಾಕಿದವರು ನೀವು. "ದೊಡ್ಡ ಕಥೆಗಾರ್ತಿ ಬಂದ್ಲು ನೋಡು" ಅಂದವರೂ ನೀವೇ. ಚೂರು ಆರಿಸಿದವಳು ನಾನು. ಆಗ ನನಗೆ ಹನ್ನೆರಡು ವರ್ಷ.

ಆ ದೃಶ್ಯದಲ್ಲಿ "ಅಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾಳೆ" ಎಂದು ಬರೆದಿದ್ದೆ. ಅದರ ಕೆಳಗೆ, ನಿಮ್ಮ ಕೆಂಪು ಗೆರೆಯ ಮೇಲೆಯೇ, ಪೆನ್ಸಿಲಿನಲ್ಲಿ ಒಂದು ಮಾತು ಸೇರಿದೆ: "ಸಾಕು ಬಿಡಿ. ಅವಳ ಪುಸ್ತಕ ಅವಳಿಗೆ ಕೊಡಿ." ಅಮ್ಮನ ದಿನಸಿ ಚೀಟಿಯ ಆ ಅಕ್ಷರ ನನಗೆ ಗೊತ್ತಾಗದೇ? ಲಕೋಟೆಗೆ ಅಂಟು ಹಚ್ಚುವ ಕೆಲಸವನ್ನು ಎಂದಿನಂತೆ ಅವಳಿಗೇ ಬಿಟ್ಟಿರಬೇಕು ನೀವು.

ಮುಂದಿನ ವಾರ ನಿರ್ದೇಶಕರಿಗೆ ಪ್ರತಿ ಕೊಡಬೇಕು. ಕಾಗುಣಿತ ತಿದ್ದಿಕೊಂಡಿದ್ದೇನೆ, ಅದಕ್ಕೆ ಥ್ಯಾಂಕ್ಸ್. ಮಿಕ್ಕ ನಿಮ್ಮ ಕೆಂಪನ್ನೆಲ್ಲ ಕೈಬಿಟ್ಟು ಪೆನ್ಸಿಲಿನ ಸಾಲನ್ನು ಇಟ್ಟುಕೊಂಡಿದ್ದೇನೆ. ಅಮ್ಮನ ಪಾತ್ರಕ್ಕೆ ಇನ್ನೂ ಮಾತು ಬೇಕು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ನೀವು ಎತ್ತಬೇಡಿ.

ನಿಮ್ಮ ಫೇಲಾದ ಮಗಳು