ದಾರೀಲಿ ಸುರಿದ ಕಲ್ಲು

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
9-2-1983

ಅಕ್ಕಾ,
ಈ ಕಾರ್ಡನ್ನ ಪೋಸ್ಟ್‌ಮನ್ ಓದಿದರೂ ಓದಲಿ, ನಿನಗೆ ಹೇಳದೆ ಇರೋಕಾಗ್ತಿಲ್ಲ. ಕಲ್ಲು ಪರೀಕ್ಷೆ ಮಾಡೋ ನಮ್ಮ ಸರ್ವೆ ಸಾಹೇಬರು ಬೇತಮಂಗಲದ ಹತ್ತಿರ ಬಂಡೆ ಒಡೆದು ಕೊಟ್ಟ ಕಲ್ಲುಗಳನ್ನ ನಾನು ಇಲ್ಲಿಗೆ ಹೊತ್ತು ತರಬೇಕಿತ್ತು. ಭಾರ ತಾಳದೆ ದಾರೀಲೇ ಸುರಿದುಬಿಟ್ಟೆ. ಯಾವ ಕಲ್ಲಾದರೇನು ಅಂತ ನನ್ನ ರೂಮಿನ ಹಿಂದೆ ಬಿದ್ದಿದ್ದವನ್ನೇ ಚೀಲಕ್ಕೆ ತುಂಬಿಟ್ಟೆ. ಈ ನೆಲ ಕೋಟಿಗಟ್ಟಲೆ ವರ್ಷದ ಹಿಂದೆ ಆಫ್ರಿಕಾ ಪಕ್ಕದ ಮಡಗಾಸ್ಕರ್‌ಗೆ ಅಂಟಿಕೊಂಡಿತ್ತಂತೆ, ಆಮೇಲೆ ಬಿರಿದು ನಡುವೆ ಸಮುದ್ರ ಬಂತಂತೆ. ಎರಡೂ ಕಡೆಯ ಕಲ್ಲು ಒಂದೇ ಅಂತ ತೋರಿಸಬೇಕು ಅಂತಿದ್ದ ಸಾಹೇಬರು, ಮಡಗಾಸ್ಕರ್‌ನಿಂದ ತರಿಸಿದ್ದ ಕಲ್ಲಿನ ಪಕ್ಕ ನಾನು ತಂದಿದ್ದನ್ನಿಟ್ಟು ಭೂತಗನ್ನಡೀಲಿ ತುಂಬಾ ಹೊತ್ತು ನೋಡಿದರು. “ಹೊಂದಲ್ಲ ಚೆನ್ನಕೇಶವ, ಆರು ವರ್ಷ ನಾನೇ ತಪ್ಪು ತಿಳ್ಕೊಂಡಿದ್ದೆ” ಅಂದರು. ನಾನು ಖಾಲಿ ಚೀಲ ಮಡಚಿಟ್ಟೆ. ಆಮೇಲೆ ನನ್ನ ಹೆಗಲು ಬಾತಿದ್ದು ಕಂಡು ಅವರೇ ಅಮೃತಾಂಜನ ತಂದುಕೊಟ್ಟರು. ಇನ್ನೂ ಮುಚ್ಚಳ ತೆಗೆದಿಲ್ಲ.

ನಿನ್ನ ತಮ್ಮ