ಮದುವೆ ಸೀರೆಗೆ ಬಿದ್ದ ಹನಿ

ಪ್ರೀತಿಯ ಅವ್ವಾ,

ನಿನ್ನ ಮಗ್ಗದ ಮುಂದೆಯೇ ಕುಳಿತು ಬರೆಯುತ್ತಿದ್ದೇನೆ. ಈಗ ಇದರ ಮೇಲಿರುವುದು ನಿನ್ನ ಮೊಮ್ಮಗಳು ರತ್ನಾಳ ಮದುವೆ ಸೀರೆ. ಇದನ್ನು ನೀನೇ ನೇಯಬೇಕಿತ್ತು...

ಆ ದಿನ ನೆನಪಿದೆಯಾ? ಎದೆಬಡಿತ ತಾಳ ತಪ್ಪಿದೆ, ರಕ್ತ ಹೆಪ್ಪುಗಟ್ಟಬಾರದು ಎಂದು ಗದಗಿನ ಡಾಕ್ಟರು ನಿನಗೆ ರಕ್ತ ತೆಳುವಾಗುವ ಗುಳಿಗೆ ಕೊಟ್ಟ ಹೊಸತು. ಎಳೆ ಕತ್ತರಿಸುವಾಗ ನಿನ್ನ ಬೆರಳಿಗೆ ಕತ್ತರಿ ತಾಗಿತು. ಅರಿಸಿನ ಒತ್ತಿದರೂ ರಕ್ತ ಬೇಗ ನಿಲ್ಲದೆ ಯಾರದೋ ಮದುವೆ ಸೀರೆಯ ಅಂಚಿಗೆ ಹನಿಯಿತು. "ಮದುಮಗಳ ಸೀರಿಗೆ ರಕ್ತ ತಾಗಬಾರದವಾ, ಕೇಡ ಆಗತೈತಿ" ಎಂದು ನೀನು ನೇಯ್ದಷ್ಟನ್ನೂ ಬಿಚ್ಚಿದೆ. ಅಂದಿನಿಂದ ಮದುವೆ ಸೀರೆ ಮಗ್ಗಕ್ಕೇರಿದಾಗಲೆಲ್ಲ ನಿನ್ನ ಗುಳಿಗೆಗಳು ಗೋಡೆಯ ಗೂಡಿನಲ್ಲಿ ಮಲಗುತ್ತಿದ್ದವು. ಬದಲಿಗೆ ಬೆಳ್ಳುಳ್ಳಿ ಜಜ್ಜಿ ಕುದಿಸಿ ಕುಡಿಯುತ್ತಿದ್ದೆ. ನಾನು ಬೈದರೆ, "ಬಳ್ಳೊಳ್ಳಿನೂ ರಕ್ತ ತೆಳ್ಳಗ ಮಾಡತೈತಿ, ಸುಮ್ಕಿರ ಶಾಣ್ಯಾಕಿ" ಎನ್ನುತ್ತಿದ್ದೆ. ನೀನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಆ ಲಗ್ನದ ಹಂಗಾಮಿನ ಒಂದು ಬೆಳಿಗ್ಗೆ ನಿನ್ನ ಕೈಯಿಂದ ಲಾಳಿ ಜಾರಿತು. ತಿರುಗಿ ನೋಡಿದರೆ ಬಾಯಿ ಸೊಟ್ಟಗಾಗಿತ್ತು. ಹೆಪ್ಪುಗಟ್ಟಿದ ರಕ್ತ ಎದೆಯಿಂದ ಮಿದುಳಿಗೆ ಏರಿತ್ತಂತೆ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ರೋಣ ದಾಟುವಾಗ ನೀನು ನನ್ನ ಕೈ ಹಿಡಿದಿದ್ದೆ. ಗದಗ ಮುಟ್ಟುವಷ್ಟರಲ್ಲಿ... ಯಾರದೋ ಮಗಳಿಗೆ ಕೇಡಾಗಬಾರದು ಎಂದೆಯಲ್ಲ, ನಿನ್ನ ಮಗಳು ನೆನಪಾಗಲಿಲ್ಲವಾ? ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೋದ ವರ್ಷ ನನ್ನ ಎದೆಯೂ ನಿನ್ನದರಂತೆಯೇ ತಾಳ ತಪ್ಪಿತು. ನನಗೂ ಅದೇ ಗುಳಿಗೆ. ಮುಟ್ಟಿನಲ್ಲಿ ರಕ್ತ ವಿಪರೀತ ಹೋಗತೊಡಗಿತು, ಹೇಳಿಕೊಳ್ಳಲು ನಾಚಿಕೆ. ಗುಳಿಗೆ ಬಿಟ್ಟು ಬೆಳ್ಳುಳ್ಳಿ ಹಿಡಿಯಲೇ ಅನ್ನಿಸಿತು, ನಿನ್ನ ಮಗಳಲ್ಲವೇ! ಕೊನೆಗೆ ಗುಳಿಗೆ ಕೊಟ್ಟ ಡಾಕ್ಟರಮ್ಮನವರನ್ನೇ ಕೇಳಿದೆ.

"ಬಳ್ಳೊಳ್ಳಿ ಪಲ್ಯಾಕ್ಕ ಹಾಕ್ಕೊಂಡು ಉಣ್ರಿ. ಗುಳಿಗಿ ಕೆಲಸ ಅದು ಮಾಡಂಗಿಲ್ರಿ. ರಕ್ತ ಭಾಳ ಹೋದ್ರ ಲಗೂ ಬಂದು ಹೇಳ್ರಿ, ದಾರಿ ನೋಡೋಣು. ನೀವಾಗೇ ಬಿಡಬ್ಯಾಡ್ರಿ" ಎಂದರು. ಪರೀಕ್ಷೆ ಮಾಡಿ ಗುಳಿಗೆ ಬದಲಿಸಿಕೊಟ್ಟರು. ಈಗ ಹಗುರಾಗಿದೆ. ಇಷ್ಟನ್ನು ನೀನೂ ಒಮ್ಮೆ ಕೇಳಿದ್ದರೆ...

ಮೊನ್ನೆ ಏನಾಯಿತು ಗೊತ್ತಾ? ರತ್ನಾಳ ಸೀರೆಯ ಎಳೆ ಕತ್ತರಿಸುವಾಗ ನನಗೂ ಕತ್ತರಿ ತಾಗಿತು. ಬಟ್ಟೆಯಿಂದ ಬೆರಳು ಬಿಗಿಯಾಗಿ ಒತ್ತಿ ಹಿಡಿದೆ, ನಿಂತಿತು. ಆದರೆ ಅಷ್ಟರಲ್ಲಿ ಅಂಚಿಗೆ ಒಂದು ಹನಿ ಬಿದ್ದಿತ್ತು. ಕೇಡಿನ ನಿನ್ನ ಮಾತು ನೆನಪಾಯಿತು. ನೇಯ್ದದ್ದನ್ನು ಬಿಚ್ಚಲು ಕೈ ಹಾಕಿದೆ. ರತ್ನಾ ಓಡಿಬಂದು ಕೈ ಹಿಡಿದಳು.

"ಬಿಚ್ಚಬ್ಯಾಡವ್ವಾ. ನೀ ಗುಳಿಗಿ ತಪ್ಪಿಸಿಲ್ಲಂತ ಈ ರಕ್ತದ ಕಲಿ ನೋಡಿದ್ರ ನನಗ ಧೈರ್ಯ. ನಿಮ್ಮವ್ವ, ನಮ್ಮ ಆಯಿನೂ ಗುಳಿಗಿ ತಗೊಂಡು ಇಂಥಾ ಕಲಿ ಹಂಗ ಬಿಟ್ಟಿದ್ರ ನನ್ನ ಮದಿವಿಗಿ ಇರತಿದ್ಲು."

ಬಿಚ್ಚಲಿಲ್ಲ ಅವ್ವಾ. ನಾಳೆ ಸೀರೆ ಮಗ್ಗದಿಂದ ಇಳಿಯುತ್ತದೆ. ಆ ಕಲೆ ನಿರಿಗೆಯೊಳಗೆ ಬರುತ್ತದೆ, ಗೊತ್ತಿರುವುದು ನಮ್ಮಿಬ್ಬರಿಗೆ, ಈಗ ನಿನಗೆ. ಮದುವೆಯ ಬೆಳಿಗ್ಗೆ ಮೊದಲು ಗುಳಿಗೆ ನುಂಗುತ್ತೇನೆ, ಆಮೇಲೆ ಅಕ್ಕಿಕಾಳು ಹಾಕುತ್ತೇನೆ. ಒಂದು ಹಿಡಿ ನಿನ್ನ ಪಾಲಿನದೂ.

ನಿನ್ನ ಮಗಳು,
ಶಾಂತವ್ವ