ಎರಡು ತೂತಿನ ಪೆಟ್ಟಿಗೆ ಶನಿವಾರಕ್ಕೆ ಬೇಕು

ಜಿಲ್ಲಾ ಗುಣಮಟ್ಟ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಉಗ್ರಾಣದಲ್ಲಿ ಮೊಹರು ಹಾಕಿ ಇಟ್ಟಿರುವ, ಮುಂದುಗಡೆ ಎರಡು ತೂತುಗಳಿರುವ ನೀಲಿ ಆಂಪ್ಲಿಫೈಯರ್ ನಮ್ಮ ವಾದ್ಯತಂಡದ್ದು. ಅದನ್ನು ಮಾಡಿದ ಮನುಷ್ಯ ಹೋದ ವಾರ ತೀರಿಕೊಂಡ. ಈಗ ಆಸ್ಪತ್ರೆಯ ಶವಾಗಾರದಲ್ಲಿದ್ದಾನೆ, ಶನಿವಾರ ಮಣ್ಣು. ಅಷ್ಟರೊಳಗೆ ಆ ಪೆಟ್ಟಿಗೆ ನಮ್ಮ ಕೈಗೆ ಬರಬೇಕು. ಅವನು ಸತ್ತ ಮೇಲೆ ನಾಲ್ಕು ಸಲ ಕಚೇರಿಗೆ ಬಂದೆ, ನಾಲ್ಕು ಸಲವೂ ತಾವು ಸಭೆಯಲ್ಲಿದ್ದಿರಿ. ಸಭೆಯಲ್ಲಿ ಕೂತವರು ಪತ್ರಿಕೆ ಓದುತ್ತಾರೆಂದು ಕೇಳಿದ್ದೇನೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸರೋವರದ ಈ ದಡದಲ್ಲಿ ನಾನು ನಲವತ್ತು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ನಮ್ಮ ಕಡೆ ಮದುವೆಯಾಗಲಿ ಸಾವಾಗಲಿ, ಹಾಡು ನಡೆಯುತ್ತಿರುವಾಗ ಯಾರಾದರೂ ಎದ್ದು ಕೈ ಎತ್ತುತ್ತಾರೆ. ಗಿಟಾರ್ ತಗ್ಗುತ್ತದೆ. ಅವರು ಮೈಕ್ ಹಿಡಿದು ತಮ್ಮನ್ನೋ ತಮ್ಮವರನ್ನೋ ಬಾಯ್ತುಂಬ ಹೊಗಳುತ್ತಾರೆ, ಮುಗಿದೊಡನೆ ಗಿಟಾರ್ ಮತ್ತೆ ಏರುತ್ತದೆ. ಅದಕ್ಕೇ ಜಬ್ಲೋನ್ ಒಕೆಚ್ ತನ್ನ ತಗಡಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಮಾಡಿದ ಪ್ರತಿ ಪೆಟ್ಟಿಗೆಗೂ ಎರಡು ತೂತು, ಒಂದು ಗಿಟಾರಿಗೆ, ಒಂದು ಹೊಗಳುವವರ ಮೈಕಿಗೆ. ಇದನ್ನು ತಮಗೆ ವಿವರಿಸಬೇಕೇ? ತಮ್ಮ ಮದುವೆಯಲ್ಲಿ ನುಡಿಸಿದವನು ನಾನೇ. ತಮ್ಮ ಮಾವನವರು ಅರ್ಧ ಗಂಟೆ ಮೈಕ್ ಬಿಡಲಿಲ್ಲ. ಅಂದು ಆ ಎರಡನೆಯ ತೂತು ಕಾನೂನುಬಾಹಿರವೆಂದು ಯಾರಿಗೂ ಅನಿಸಿದಂತಿರಲಿಲ್ಲ.

ಎರಡು ತಿಂಗಳ ಹಿಂದೆ ಸಂತೆಯಲ್ಲಿ ತಮ್ಮ ಸಿಬ್ಬಂದಿ ನಮ್ಮ ಪೆಟ್ಟಿಗೆಯನ್ನು ತಡೆದರು.

"ಇದು ವಾದ್ಯಾನೋ ಧ್ವನಿವರ್ಧಕಾನೋ?"

"ಎರಡೂ ಹೌದಪ್ಪಾ."

"ಎರಡೂ ಅನ್ನೋ ಕಲಂ ಇಲ್ಲ ಯಜಮಾನ್ರೆ. ಚೀಟಿ ಬೇರೆ ಇಲ್ಲ. ಎತ್ತಿ ಗಾಡಿಗೆ."

ಮರುದಿನ ತಮ್ಮನ್ನು ಕಂಡೆ. ತಾವು ಬಹಳ ಮರ್ಯಾದೆಯಿಂದಲೇ ಮಾತಾಡಿದಿರಿ. "ಅಂಗೀಕಾರದ ಚೀಟಿ ಇರೋದನ್ನ ತಗೊಳ್ಳಿ. ಇಲ್ಲೀದಾದ್ರೂ ಸರಿ, ಹೊರದೇಶದ್ದಾದ್ರೂ ಸರಿ," ಎಂದಿರಿ. "ಯಾವುದು ತಗೊಳ್ಳೋದು ಸಾರ್?" ಎಂದು ಕೇಳಿದೆ. "ಅದು ನಿಮ್ಮ ಆಯ್ಕೆ," ಎಂದಿರಿ. ಆ ಆಯ್ಕೆಯ ಕಥೆ ಏನಾಯಿತೆಂದು ತಾವು ತಿಳಿಯಬೇಕು.

ಪಟ್ಟಣದ ದೊಡ್ಡ ಅಂಗಡಿಯಲ್ಲಿ ಚೀಟಿಯಿರುವ ಸ್ವದೇಶಿ ಪೆಟ್ಟಿಗೆಯನ್ನು ನೋಡಿದೆವು. ಮೇಲೆ ನಮ್ಮ ದೇಶದ ಬಾವುಟ, ಒಳಗಿನ ರಟ್ಟಿನ ಮೇಲೆ ನಮಗ್ಯಾರಿಗೂ ಓದಲು ಬಾರದ ಅಕ್ಷರ. ಅದರಲ್ಲಿ ಇಲ್ಲಿ ತಯಾರಾದದ್ದು ಬಾವುಟ ಮಾತ್ರ. ದನಿ ಏರಿಸಲು ಹೋದಾಗ ಬಾಸ್ ನುಡಿಸುವ ನಮ್ಮ ಒಡೇರಾನ ಕೈಗೆ ಗುಂಡಿಯೇ ಕಿತ್ತು ಬಂತು. ಅಂಗಡಿಯವನು ಅದನ್ನು ಮತ್ತೆ ಒತ್ತಿ ಕೂರಿಸಿ, "ಈಗ ಸರಿಹೋಯ್ತು," ಎಂದ.

"ಇದಕ್ಕೆ ದುಡ್ಡು ಸುರಿಯೋ ಬದಲು ಕಂಪಾಲಾಕ್ಕೆ ಹೋಗೋಣ ಅಣ್ಣಾ," ಎಂದ ಒಡೇರಾ. "ಅಲ್ಲಿ ಅಸಲಿ ಮಾಲು ಸಿಗ್ತದೆ."

"ಕೆಟ್ರೆ ಕಂಪಾಲಾಕ್ಕೆ ಹೊತ್ಕೊಂಡು ಹೋಗ್ತೀಯಾ?"

"ಕೆಟ್ರೆ ಜಬ್ಲೋನಣ್ಣ ಇಲ್ವಾ?"

ಆಗ ಇದ್ದ. ನಾನು ಹೋರಿ ಮಾರಿದೆ. ಬಸ್ಸಿನಲ್ಲಿ ಗಡಿ ದಾಟಿ ಹೋಗಿ, ಬರುವಾಗ ವಿಲಾಸ ಸಾಮಗ್ರಿ ಎಂಬ ಹೆಸರಿನಲ್ಲಿ ಸುಂಕ ಕಟ್ಟಿ, ಗಡಿಯಲ್ಲೇ ತಮ್ಮ ಇಲಾಖೆಯ ಚೀಟಿ ಅಂಟಿಸಿಕೊಂಡು, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದೆ. ಚೀಟಿ ಇತ್ತು, ಮೊಹರಿತ್ತು, ದನಿಯೂ ಚೊಕ್ಕವಾಗಿತ್ತು. ಆದರೆ ತೂತು ಒಂದೇ. ಗಿಟಾರ್ ಸಿಕ್ಕಿಸಿದರೆ ಮೈಕಿಗೆ ಜಾಗವಿಲ್ಲ, ಮೈಕ್ ಸಿಕ್ಕಿಸಿದರೆ ಗಿಟಾರ್ ಮೂಕ. ಅಂಗಡಿಯಲ್ಲಿ ನೋಡಿಕೊಳ್ಳಬೇಕಿತ್ತು ಎನ್ನುವಿರಿ. ಮೂಗಿಗೆ ಎಷ್ಟು ಹೊಳ್ಳೆ ಎಂದು ಯಾರಾದರೂ ಎಣಿಸಿ ನೋಡುತ್ತಾರೆಯೇ? ನಲವತ್ತು ವರ್ಷ ಎರಡೇ ಕಂಡವನಿಗೆ ಒಂದು ಇರಬಹುದೆಂದು ಹೊಳೆಯಲೇ ಇಲ್ಲ. ನಾಚಿಕೆಯಿಂದ ಎರಡು ದಿನ ನಾನು ಮನೆಯಿಂದ ಹೊರಬೀಳಲಿಲ್ಲ.

ಜಬ್ಲೋನ್ ಬಂದು ನೋಡಿ, ಕೆಮ್ಮು ಬರುವಷ್ಟು ನಕ್ಕ. "ಪಾಪ, ಇದನ್ನ ಮಾಡಿದ ದೇಶದಲ್ಲಿ ಹೊಗಳಿಸ್ಕೊಳ್ಳೋ ಯೋಗ್ಯತೆ ಇರೋರು ಒಬ್ರೂ ಇಲ್ಲ ಅಂತ ಕಾಣ್ತದೆ ಕಣೋ ನಾಶೋನ್!" ಎಂದ. ಒಂದೇ ಗಂಟೆಯ ಕೆಲಸವೆಂದು ಸ್ಕ್ರೂಡ್ರೈವರ್ ತೆಗೆದವನು ಹಿಂಭಾಗ ನೋಡಿ ಅದನ್ನು ಮತ್ತೆ ಜೇಬಿಗೆ ಹಾಕಿದ. ಸ್ಕ್ರೂಗಳ ಮೇಲೆಯೇ ತಮ್ಮ ಅಂಗೀಕಾರದ ಚೀಟಿ ಅಂಟಿಸಿತ್ತು. "ಬಿಚ್ಚಿದ್ರೆ ಇದು ಹರಿತದೆ. ಆಮೇಲೆ ಇದೂ ಹೋಗಿ ನನ್ನ ಪೆಟ್ಟಿಗೆ ಪಕ್ಕದಲ್ಲೇ ಕೂರ್ತದೆ. ಮೊದ್ಲು ಬರವಣಿಗೇಲಿ ಒಪ್ಪಿಗೆ ತಗೊಂಡು ಬಾ." ಅಂದೇ ಅರ್ಜಿ ಬರೆದು ಕೊಟ್ಟೆ. ಉತ್ತರ ಇನ್ನೂ ಬಂದಿಲ್ಲ. ಹೋದ ವಾರ ಜಬ್ಲೋನ್ ಎದೆನೋವೆಂದು ಅಂಗಡಿಯ ಬೆಂಚಿನ ಮೇಲೆ ಮಲಗಿದವನು ಮತ್ತೆ ಏಳಲಿಲ್ಲ.

ಈಗ ನೋಡಿ ಮಾನ್ಯರೇ. ಕೆಲಸ ಮಾಡುವ ಪೆಟ್ಟಿಗೆ ಅಪರಾಧ, ಕೆಲಸಕ್ಕೆ ಬಾರದ ಪೆಟ್ಟಿಗೆ ಕಾನೂನುಬದ್ಧ, ಅದನ್ನು ಕೆಲಸಕ್ಕೆ ಬರುವಂತೆ ಮಾಡಿದರೆ ಅದೂ ಅಪರಾಧ. ಬೇರೆ ತಂಡದಿಂದ ಎರವಲು ತರೋಣವೆಂದರೆ ಈ ದಡದ ಹನ್ನೊಂದು ತಂಡಗಳ ಪೆಟ್ಟಿಗೆಗಳೂ ತಮ್ಮ ಉಗ್ರಾಣದಲ್ಲೇ ಇವೆ. ಪಟ್ಟಣದಿಂದ ಧ್ವನಿವರ್ಧಕ ಬಾಡಿಗೆಗೆ ತರೋಣವೆಂದರೆ ಪೊಲೀಸ್ ಅನುಮತಿಗೆ ಹದಿನೈದು ದಿನ ಮೊದಲೇ ಅರ್ಜಿ ಹಾಕಬೇಕಂತೆ. ಸಾಯುವವರು ಹದಿನೈದು ದಿನ ಮೊದಲೇ ತಿಳಿಸಿ ಸಾಯಬೇಕೆಂದು ತಾವೊಂದು ಸುತ್ತೋಲೆ ಹೊರಡಿಸಬಾರದೇ?

ನನ್ನ ಹೋರಿ ಹೋಯಿತು, ಹೋಗಲಿ. ನಾನು ಗೋಗರೆಯುತ್ತಿರುವುದು ಜಬ್ಲೋನನ ಹೆಂಡತಿ ರಿಸ್ಪಾ ಅಕ್ಕನಿಗಾಗಿ. ಎರಡು ವರ್ಷದ ಹಿಂದೆ ಆಕೆಯ ಗಂಟಲಿಗೆ ಆಪರೇಷನ್ ಆಯಿತು. ಅಂದಿನಿಂದ ಆಕೆಗಿರುವುದು ಪಿಸುದನಿ ಮಾತ್ರ, ಎದುರು ಕೂತವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಊರೆಲ್ಲ ಜಬ್ಲೋನನ ಪೆಟ್ಟಿಗೆಯಲ್ಲಿ ಹೊಗಳಿಸಿಕೊಂಡಿತು, ಆಕೆ ಒಂದು ದಿನವೂ ಮೈಕ್ ಮುಟ್ಟಿದವಳಲ್ಲ. ಮೊನ್ನೆ ನಮ್ಮ ಮನೆಗೆ ಬಂದಳು.

"ನಾಶೋನ್, ಶನಿವಾರ ನಾನು ಅವರನ್ನ ಹೊಗಳ್ಬೇಕು. ಎಲ್ರಿಗಿಂತ ಮೊದ್ಲು."

"ಪೆಟ್ಟಿಗೆ ಇನ್ನೂ ಬಿಟ್ಟಿಲ್ಲ ಅಕ್ಕಾ."

"ಗೊತ್ತು. ಅದಕ್ಕೇ ಬಂದೆ. ಸಿಗದೇ ಹೋದ್ರೆ ನಿನ್ನ ಕಿವಿಗಾದ್ರೂ ಬಿದ್ದಿರ್ಲಿ."

ನನ್ನ ಕಿವಿಗೆ ಬಾಯಿಟ್ಟು, ಹೇಳಬೇಕೆಂದಿದ್ದನ್ನೆಲ್ಲ ಹೇಳಿದಳು. ಅದನ್ನು ಇಲ್ಲಿ ಬರೆಯಲಾರೆ, ಅದು ನನ್ನ ಸೊತ್ತಲ್ಲ. ಅರವತ್ತೊಂದು ವರ್ಷದ ನಾನು ಆಕೆಯೆದುರು ಬಿಕ್ಕಿ ಬಿಕ್ಕಿ ಅತ್ತೆ. ಐನೂರು ಜನ ಕೇಳಬೇಕಾದ ಮಾತನ್ನು ನಾನೊಬ್ಬನೇ ಕೇಳಿಸಿಕೊಂಡು ಕೂತಿದ್ದೇನೆ.

ಪೆಟ್ಟಿಗೆ ಬರದಿದ್ದರೆ ಏನು ಮಾಡಬೇಕೆಂದು ನಿರ್ಧರಿಸಿಯಾಗಿದೆ. ಕಂಪಾಲಾದ ಪೆಟ್ಟಿಗೆಯನ್ನು ಸಮಾಧಿಯ ಗುಂಡಿಯ ಪಕ್ಕ ಇಟ್ಟು, ಅದರ ಒಂದೇ ತೂತಿಗೆ ರಿಸ್ಪಾ ಅಕ್ಕನ ಮೈಕ್ ಸಿಕ್ಕಿಸುತ್ತೇನೆ. ಈ ದಡದ ಗಿಟಾರುಗಳಿಗೆಲ್ಲ ದನಿ ಕೊಟ್ಟವನನ್ನು ಗಿಟಾರಿನ ದನಿಯಿಲ್ಲದೆ ಮಣ್ಣು ಮಾಡುತ್ತೇವೆ. ಆಕೆಯ ಪಕ್ಕದಲ್ಲಿ ಕೂತು ನಾನು ನುಡಿಸುತ್ತೇನೆ, ಯಾರಿಗೂ ಕೇಳಿಸುವುದಿಲ್ಲ.

ಹಾಗಾಗಬಾರದು. ಶುಕ್ರವಾರ ಕಚೇರಿ ಮುಚ್ಚುವ ಮೊದಲು ಪೆಟ್ಟಿಗೆ ಕೊಡಿ. ತಮ್ಮ ಮೊಹರು ಮುರಿಯುವುದಿಲ್ಲ. ತೂತುಗಳ ಮೇಲೆ ಮೊಹರಿಲ್ಲ, ಕಿಟಕಿಯಿಂದ ನೋಡಿದ್ದೇನೆ. ಭಾನುವಾರ ನಾನೇ ಹೊತ್ತು ತಂದು ಒಪ್ಪಿಸುತ್ತೇನೆ. ಬೇಕಿದ್ದರೆ ಅದರ ಜೊತೆ ನನ್ನನ್ನೂ ಒಳಗಿಟ್ಟು ಬೀಗ ಹಾಕಿ.

ಇಂತಿ,
ಶುಕ್ರವಾರ ಬೆಳಿಗ್ಗೆಯಿಂದ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿರಲಿರುವ,
ನಾಶೋನ್ ಒಬುಂಗಾ